ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕು ನಿಲ್ಲುತ್ತದೆಯೇ? ಹಳೆಯ ಕಾರು ಇರುವವರು ತಿಳಿಯಬೇಕಾದದ್ದು

ಮಳೆಗಾಲ ಬಂತೆಂದರೆ ಕಾರಿನ ತುಕ್ಕಿಗೆ ಮನೆಮದ್ದು ಹೇಳುವ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡತೊಡಗುತ್ತವೆ. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿ, ಕೋಲಾ ಸುರಿಯಿರಿ, ಮೇಲೆ ಪುಟ್ಟಿ ಹಾಕಿ ಬಣ್ಣ ಹೊಡೆದುಬಿಟ್ಟರೆ ತುಕ್ಕು ಮತ್ತೆ ಬರುವುದೇ ಇಲ್ಲ ಎನ್ನುವುದು ಇವುಗಳ ಸಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹತ್ತು-ಹದಿನೈದು ವರ್ಷ ಓಡಿದ ಕಾರನ್ನೇ ನೆಚ್ಚಿಕೊಂಡ ಮನೆಗಳಿವೆ. ಅಂಥವರಿಗೆ ಈ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಒಂದೊಂದಾಗಿ ನೋಡೋಣ.

ಚುಟುಕು ಉತ್ತರ ಇಷ್ಟು: ತುಕ್ಕನ್ನು ಮುಚ್ಚಿದರೆ ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ನಿಲ್ಲುವುದಿಲ್ಲ. ಕೆರೆದು, ಒಣಗಿಸಿ, ಆಮೇಲೆ ಮುಚ್ಚಬೇಕು.

ತುಕ್ಕು ಹಿಡಿಯುವುದು ಹೇಗೆ?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ವಸ್ತು ಬೇಕು: ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆ ಇಡುವ ಪ್ರಯೋಗ ನೆನಪಿದೆಯೇ? ನೀರು, ಗಾಳಿ ಎರಡೂ ಸಿಕ್ಕ ಮೊಳೆಗೆ ಮಾತ್ರ ತುಕ್ಕು ಹಿಡಿಯುತ್ತದೆ. ಕಾರಿನ ಬಾಡಿಗೂ ಇದೇ ನಿಯಮ. ಬಣ್ಣ ಚೆನ್ನಾಗಿರುವವರೆಗೆ ಇವೆರಡೂ ಲೋಹವನ್ನು ಸುಲಭವಾಗಿ ತಲುಪುವುದಿಲ್ಲ. ಕಲ್ಲು ಸಿಡಿದು ಬಣ್ಣ ಎದ್ದರೆ ಅಥವಾ ಗೀರು ಲೋಹದವರೆಗೆ ಇಳಿದರೆ ಅಲ್ಲಿಂದ ಶುರು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿಯೇ ಬಣ್ಣದ ಕೆಳಗೆ ತುಕ್ಕು ಹರಡಿದಾಗ ಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಚಿಕ್ಕದಾಗಿ ಕಂಡರೂ ಕೆಳಗಿನ ತುಕ್ಕು ಅದಕ್ಕಿಂತ ಅಗಲವಾಗಿರುವುದು ಸಾಮಾನ್ಯ. ಕಾರಿನ ಹೊರ ತಗಡಿನ ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರ್‌ಗೂ ಕಡಿಮೆ. ತೂತು ಬೀಳಲು ಹೆಚ್ಚು ಕಾಲ ಬೇಕಿಲ್ಲ.

ನಮ್ಮ ಕಡೆ ಸಮುದ್ರವಿಲ್ಲ, ತುಕ್ಕು ಯಾಕೆ?

ಮಂಗಳೂರಿನಂತೆ ಉಪ್ಪುಗಾಳಿ ಇಲ್ಲಿಲ್ಲ, ನಿಜ. ಆದರೆ ನೀರು ನಿಲ್ಲುವ ಜಾಗ ಕಾರಿನಲ್ಲೇ ಇದೆ. ಹಳ್ಳಿ ರಸ್ತೆಯ ಕೆಂಪು ಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡು ದಿನಗಟ್ಟಲೆ ತೇವ ಹಿಡಿದಿರುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆಗಳು ಬಿದ್ದು, ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಬಿಟ್ಟ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ.

ಇನ್ನು ಪ್ರವಾಹ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಜಲಾವೃತವಾಗಿ ಕಾರು, ಬಸ್ಸುಗಳು ನೀರಿನಲ್ಲಿ ಸಿಲುಕಿದ್ದವು. ಹೀಗೆ ನೀರು ನುಗ್ಗಿದ ಕಾರು ಹೊರಗಿನಿಂದ ಒಣಗಿದರೂ, ಕಾರ್ಪೆಟ್ಟಿನ ಕೆಳಗೆ, ಬಾಗಿಲಿನೊಳಗೆ, ರನ್ನಿಂಗ್ ಬೋರ್ಡಿನ ಟೊಳ್ಳಿನಲ್ಲಿ ಕೆಸರು ಮತ್ತು ತೇವ ಉಳಿಯಬಹುದು. ಅಲ್ಲಿ ತುಕ್ಕು ಒಳಗಿನಿಂದ ಹೊರಗೆ ಬೆಳೆಯುತ್ತದೆ.

ನಿಂಬೆಹಣ್ಣು, ಕೋಲಾ, ಆಸಿಡ್: ಯಾವುದು ಸರಿ?

ನಿಂಬೆ, ಹುಣಸೆ, ವಿನೆಗರ್: ಇವುಗಳ ಹುಳಿ ತುಕ್ಕನ್ನು ಸ್ವಲ್ಪ ಮಟ್ಟಿಗೆ ಕರಗಿಸುತ್ತದೆ. ಆದರೆ ಹುಣಸೆಹಣ್ಣಿನಿಂದ ಹಿತ್ತಾಳೆ ಚೊಂಬು ಬೆಳಗುವಂತೆ ಕಾರಿನ ತಗಡನ್ನು ಬೆಳಗಿ ಸುಮ್ಮನೆ ಬಿಡಲಾಗದು. ಕೆಳಗೆ ಉಳಿದ ಬೋಳು ಉಕ್ಕಿಗೆ ಗಂಟೆಗಳಲ್ಲೇ ಹೊಸ ತುಕ್ಕು ಹಿಡಿಯಬಹುದು.

ಉಪ್ಪು: ತಪ್ಪು, ಅಪಾಯ. ಉಪ್ಪುನೀರು ತುಕ್ಕಿನ ವೇಗ ಹೆಚ್ಚಿಸುತ್ತದೆ. ಸಂದಿಯಲ್ಲಿ ಉಳಿದ ಉಪ್ಪು ತೇವವನ್ನೂ ಎಳೆದುಕೊಳ್ಳುತ್ತದೆ.

ಕೋಲಾ: ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ, ಆದರೆ ತೀರಾ ಕಡಿಮೆ. ಜೊತೆಗೆ ಸಕ್ಕರೆಯ ಅಂಟು ಉಳಿಯುತ್ತದೆ. ಇದೇ ಆಮ್ಲ ಸರಿಯಾದ ಪ್ರಮಾಣದಲ್ಲಿರುವ ರಸ್ಟ್ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ.

ಟಾಯ್ಲೆಟ್ ತೊಳೆಯುವ ಆಸಿಡ್: ಬೇಡವೇ ಬೇಡ. ಅದರ ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಅದು ಬಿಟ್ಟುಹೋಗುವ ಕ್ಲೋರೈಡ್ ಉಪ್ಪಿನಂತೆಯೇ ತುಕ್ಕನ್ನು ಬೆಳೆಸುತ್ತದೆ.

ಹಳೆಯ ಎಂಜಿನ್ ಆಯಿಲ್ ಬಳಿಯುವುದು: ನೀರನ್ನು ಕೆಲಕಾಲ ದೂರ ಇಡಬಹುದು. ಆದರೆ ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ, ಬ್ರೇಕಿಗೆ ತಗುಲಿದರೆ ಅಪಾಯ, ಮಣ್ಣಿಗೂ ವಿಷ.

ಸರಿಯಾದ ವಿಧಾನ ಯಾವುದು?

1. ಮೊದಲು ಪರೀಕ್ಷಿಸಿ. ತುಕ್ಕಿನ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತಿ. ತಗಡು ಮೆತ್ತಗೆ ಒಳಗೆ ಹೋದರೆ, ಪುಡಿ ಉದುರಿದರೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು.

2. ಮೇಲ್ಮೈ ತುಕ್ಕಾದರೆ ವೈರ್ ಬ್ರಷ್, ಎಮರಿ ಪೇಪರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಸುತ್ತಲಿನ ಬಣ್ಣವನ್ನೂ ಎರಡು ಬೆರಳಗಲ ತೆಗೆಯಿರಿ. ಮಾಸ್ಕ್, ಕನ್ನಡಕ, ಗ್ಲೌಸ್ ಕಡ್ಡಾಯ.

3. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ. ಕೆಲವು ಕನ್ವರ್ಟರ್‌ಗಳಲ್ಲಿ ಟ್ಯಾನಿನ್ ಇರುತ್ತದೆ; ಅದು ತುಕ್ಕಿನೊಂದಿಗೆ ಸೇರಿ ಕಪ್ಪು ಪದರವಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಹಿಂದಿನವರು ಕಪ್ಪು ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನಕ್ರಿಯೆಯಿಂದ. ಆದರೆ ಕನ್ವರ್ಟರ್ ಸಡಿಲ ತುಕ್ಕಿಗೆ ಮದ್ದಲ್ಲ. ಕೆರೆದ ಮೇಲಷ್ಟೇ ಅದರ ಕೆಲಸ.

4. ಪೂರ್ತಿ ಒಣಗಿದ ಮೇಲೆ, ತಡಮಾಡದೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಬೇಕಾದರೆ ಪ್ರೈಮರ್ ಮೇಲೆ, ತೆಳ್ಳಗೆ. ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಪುಟ್ಟಿ ತೇವ ಹೀರುತ್ತದೆ. ತುಕ್ಕಿನ ಮೇಲೆ ನೇರವಾಗಿ ಮೆತ್ತಿದ ಪುಟ್ಟಿ ಒದ್ದೆ ಬಟ್ಟೆ ಸುತ್ತಿದಂತೆ.

ಚನ್ನಪಟ್ಟಣದ ಗೊಂಬೆ ಕೆಲಸದವರಿಗೆ ಈ ಮಾತು ಹೊಸದಲ್ಲ. ಅವರು ಮರವನ್ನು ಚೆನ್ನಾಗಿ ಒಣಗಿಸಿ, ನಯ ಮಾಡಿದ ಮೇಲೆಯೇ ಅರಗಿನ ಬಣ್ಣ ಹಿಡಿಸುತ್ತಾರೆ. ಹೊದಿಕೆ ಉಳಿಯುವುದು ಅದರ ಕೆಳಗಿನ ಮೈ ಚೆನ್ನಾಗಿದ್ದರೆ ಮಾತ್ರ.

ಮುಚ್ಚಿದ ತುಕ್ಕು ಜೀವಕ್ಕೇ ಅಪಾಯ

ಬಾನೆಟ್ ಮೇಲಿನ ತುಕ್ಕು ಬರೀ ಅಂದಕ್ಕೆ ಸಂಬಂಧಿಸಿದ್ದು. ರನ್ನಿಂಗ್ ಬೋರ್ಡ್, ಬಾಗಿಲ ಪಕ್ಕದ ಕಂಬ, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ, ಜಾಕ್ ಕೊಡುವ ಜಾಗ ಹಾಗಲ್ಲ. ಅಪಘಾತದಲ್ಲಿ ಹೊಡೆತ ತಡೆಯುವುದು ಇವೇ. ಇಲ್ಲಿ ಪುಟ್ಟಿ, ಬಣ್ಣ ಮೆತ್ತಿದರೆ ನೋಡಲು ಗಟ್ಟಿ, ಒಳಗೆ ಟೊಳ್ಳು.

ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಬಟ್ಟೆ ಸುತ್ತಿ ಬಾಡಿಯ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ದಪ್ಪ ಪುಟ್ಟಿ ಇರಬಹುದು. ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳಿಗೆ ಈ ಪರೀಕ್ಷೆ ಅನ್ವಯಿಸದು. ಕಾರ್ಪೆಟ್ ಎತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು, ಸೀಟಿನ ಕೆಳಗಿನ ಹಳಿ ನೋಡಿ. ಅಲ್ಲಿ ಕೆಸರಿನ ಗುರುತು, ತುಕ್ಕು ಕಂಡರೆ ಕಾರಿಗೆ ನೀರು ನುಗ್ಗಿತ್ತೇ ಎಂದು ವಿಚಾರಿಸಿ.

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಿಸಲು ವಾಹನದ ತಪಾಸಣೆ ಆಗಬೇಕು. ಅದಕ್ಕೆ ಮುಂಚೆ ಬಣ್ಣ ಹೊಡೆಸುವವರು ಕೆಳಭಾಗವನ್ನೂ ಒಮ್ಮೆ ರ‍್ಯಾಂಪ್ ಮೇಲೆ ಎತ್ತಿಸಿ ನೋಡುವುದು ಒಳ್ಳೆಯದು.

ತುಕ್ಕು ತಗುಲಿ ಗಾಯವಾದರೆ ಧನುರ್ವಾಯು ಬರುತ್ತದೆಯೇ?

ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು, ಧೂಳು, ಸಗಣಿಯಲ್ಲಿರುವ ಒಂದು ಬ್ಯಾಕ್ಟೀರಿಯಾ. ಕಾರಿನ ಅಡಿಯ ತುಕ್ಕಿನಲ್ಲಿ ಮಣ್ಣೂ ಇರುವುದರಿಂದ ನಿರ್ಲಕ್ಷ್ಯ ಬೇಡ. ಗಾಯವನ್ನು ಸೋಪು, ನೀರಿನಿಂದ ತೊಳೆದು, ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ.

ಫಾರ್ವರ್ಡ್ ಮಾಡುವ ಮುನ್ನ

ತುಕ್ಕು ಮತ್ತೆ ಬರುವುದೇ ಇಲ್ಲ ಎಂದು ಯಾರೇ ಹೇಳಿದರೂ ನಂಬಬೇಡಿ. ಸರಿಯಾಗಿ ಮಾಡಿದ ಕೆಲಸ ವರ್ಷಗಟ್ಟಲೆ ಬಾಳುತ್ತದೆ, ಶಾಶ್ವತವಲ್ಲ. ಪ್ರತಿ ಮಳೆಗಾಲದ ಕೊನೆಗೆ ಚಕ್ರದ ಕಮಾನಿನ ಮಣ್ಣು ತೊಳೆದು, ಬಾಗಿಲಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಬಿಸಿಲಿಗೆ ಬಾಗಿಲು ತೆರೆದಿಡಿ. ಇದಕ್ಕೆ ಖರ್ಚೇನೂ ಇಲ್ಲ. ಮುಂದಿನ ಸಲ ಉಪ್ಪು-ನಿಂಬೆಯ ಸಂದೇಶ ಬಂದರೆ, ಕಳಿಸಿದವರಿಗೆ ಉಪ್ಪು ತುಕ್ಕನ್ನು ಬೆಳೆಸುತ್ತದೆ ಎಂಬುದೊಂದನ್ನಾದರೂ ತಿಳಿಸಿ.