ಈ ಬೆಟ್ಟ ಯಾರಿಗೆ ಸುಲಭ?

ಎರಡು ವರ್ಷದ ಹಿಂದೆ ನಮ್ಮ ಹಾಸ್ಟೆಲಿನ ಒಂಬತ್ತು ಮಂದಿ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೊರಟೆವು. ಎಲ್ಲರನ್ನೂ ಹೊರಡಿಸಿದವಳು ನಾನೇ. ಎಲ್ಲೋ ಓದಿದ ಟಿಪ್ಪಣಿಯಲ್ಲಿ ‘ಮಧ್ಯಮದಿಂದ ಕಠಿಣ’ ಎಂದಿತ್ತು. ಅದರಲ್ಲಿ ‘ಮಧ್ಯಮ’ವನ್ನಷ್ಟೇ ನಾನು ಗೆಳೆಯರಿಗೆ ದಾಟಿಸಿದ್ದೆ. ಗಿರಿಗದ್ದೆಯವರೆಗೆ ಕಾಡಿನ ನೆರಳಿದೆ. ಅದರಾಚೆ ಬೋಳು ಹುಲ್ಲುಗಾವಲು, ನೆತ್ತಿ ಸುಡುವ ಬಿಸಿಲು. ಕಲ್ಲುಮಂಟಪದ ಹತ್ತಿರ ಬರುವಾಗ ನಮ್ಮ ಸಾಲು ಮೂರು ತುಂಡಾಗಿತ್ತು. ಕೊನೆಯ ತುಂಡಿನಲ್ಲಿ ಇದ್ದದ್ದು ಒಬ್ಬಳೇ, ನಮ್ಮ ವಿಭಾಗದ ಕಿರಿಯ ಸಂಶೋಧಕಿ. ನಾನು ಹಿಂದಿರುಗಿ ಬಂದಾಗ ನೀರು ಮುಗಿದ ಬಾಟಲಿ ಹಿಡಿದು ಬಂಡೆಯ ಮೇಲೆ ಕೂತಿದ್ದಳು. “ಅಕ್ಕಾ, ಮಧ್ಯಮ ಅಂದಿದ್ರಲ್ಲ, ಯಾರಿಗೆ?” ಎಂದಳು.

ಹಳೆಯ ಅಳತೆ-ತೂಕಗಳ ಚರಿತ್ರೆಯನ್ನೇ ಪಿಎಚ್‌ಡಿಗೆ ಆರಿಸಿಕೊಂಡವಳು ನಾನು. ಈ ಪ್ರಶ್ನೆಗೆ ಉತ್ತರ ಇರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಬೆಟ್ಟದ ಕಷ್ಟವನ್ನು ಮೊದಲು ಅಳೆದವರು ಯಾರು, ಯಾರ ಕಾಲಿನಿಂದ ಅಳೆದರು ಎಂದು ಹುಡುಕತೊಡಗಿದೆ.

ಹುಡುಕಾಟ 1892ರ ಸ್ಕಾಟ್ಲೆಂಡಿಗೆ ಒಯ್ದಿತು. ಅಲ್ಲಿಯ ಪರ್ವತಾರೋಹಿ ಸಂಘದ ಪತ್ರಿಕೆಯಲ್ಲಿ ವಿಲಿಯಂ ನೈಸ್ಮಿತ್ ಎಂಬಾತ ಒಂದು ದಿನದ ನಡಿಗೆಯ ಲೆಕ್ಕ ಬರೆದ: 10 ಮೈಲಿ ದೂರ, 6,300 ಅಡಿ ಏರು, ಆರೂವರೆ ಗಂಟೆ. ಅದರ ಜೊತೆಗೇ ಒಂದು ಸೂತ್ರ: ನಕ್ಷೆಯ ಮೇಲಿನ ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಜಗತ್ತಿನ ಚಾರಣಿಗರು ಇಂದಿಗೂ ಬಳಸುವ ಲೆಕ್ಕ ಇದು. ಆದರೆ ಆತ ಒಂದು ಷರತ್ತನ್ನೂ ಹಾಕಿದ್ದ. ಇದು ಒಳ್ಳೆಯ ದೇಹಸ್ಥಿತಿಯ ಗಂಡಸರಿಗೆ, ಅದೂ ಸುಲಭದ ಹಾದಿಗಳಿಗೆ ಎಂದು. ಸೂತ್ರ ಊರೂರು ತಿರುಗಿತು, ಷರತ್ತು ಹಳೆಯ ಪತ್ರಿಕೆಯಲ್ಲೇ ಉಳಿಯಿತು. ಕುಮಾರ ಪರ್ವತಕ್ಕೆ ಹಚ್ಚಿ ನೋಡಿದೆ: ಸುಮಾರು 13 ಕಿಲೋಮೀಟರ್, ಹತ್ತಿರ ಹತ್ತಿರ 1,600 ಮೀಟರ್ ಏರು. ತುದಿಗೆ ಐದೂಕಾಲು ಗಂಟೆ ಸಾಕಂತೆ. ನಮಗೆ ಕಲ್ಲುಮಂಟಪಕ್ಕೇ ಆರು ಗಂಟೆ ಹಿಡಿದಿತ್ತು.

ಇನ್ನೊಂದು ಎಳೆ ಬಂಡೆ ಹತ್ತುವವರದು. 1894ರಲ್ಲಿ ಆಸ್ಟ್ರಿಯಾದ ಫ್ರಿಟ್ಸ್ ಬೆನೆಶ್ ಏಳು ದರ್ಜೆಗಳನ್ನು ಮಾಡಿದ. ಏಳನೆಯದು ಸುಲಭ, ಒಂದನೆಯದು ಅತಿ ಕಠಿಣ. ಸ್ವಲ್ಪ ಕಾಲದಲ್ಲೇ ಅದಕ್ಕಿಂತ ಕಷ್ಟದ ಬಂಡೆಗಳನ್ನು ಜನ ಹತ್ತಿದರು. ಒಂದಕ್ಕಿಂತ ಕೆಳಗೆ ಸಂಖ್ಯೆ ಎಲ್ಲಿಂದ ತರುವುದು? ಸೊನ್ನೆ ಬಂತು, ಆಮೇಲೆ ಎರಡು ಸೊನ್ನೆ! 1920ರ ದಶಕದಲ್ಲಿ ಜರ್ಮನಿಯ ವಿಲ್ಲೊ ವೆಲ್ಜೆನ್‌ಬಾಖ್ ಈ ಏಣಿಯನ್ನು ತಲೆಕೆಳಗು ಮಾಡಿ, ಸಂಖ್ಯೆ ಏರಿದಂತೆ ಕಷ್ಟ ಏರುವಂತೆ ನಿಲ್ಲಿಸಿದ. ಅದನ್ನೇ ಅಮೆರಿಕದ ಸಿಯೆರಾ ಕ್ಲಬ್ 1937ರಲ್ಲಿ ತನಗೆ ಒಗ್ಗಿಸಿಕೊಂಡಿತು. ಬರೀ ನಡಿಗೆಯಾದರೆ 1ನೇ ದರ್ಜೆ, ಆಗೀಗ ಕೈ ಊರಬೇಕಾದರೆ 2, ಹೀಗೆ ಹಗ್ಗದವರೆಗೆ. ಮುಂದೆ 1950ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟಾಕ್ವಿಟ್ಸ್ ಬಂಡೆಯಲ್ಲಿ ಹತ್ತುವವರು 5ನೇ ದರ್ಜೆಯನ್ನು ದಶಮಾಂಶಗಳಾಗಿ ಸೀಳಿದರು. ನಡೆಯುವವರ 1ನೇ ದರ್ಜೆಯನ್ನು ಯಾರೂ ಮುಟ್ಟಲಿಲ್ಲ. ಲಾಲ್‌ಬಾಗಿನ ಸುತ್ತೂ ಅದರಲ್ಲೇ, ಇಡೀ ದಿನದ ಏರೂ ಅದರಲ್ಲೇ. ನಿಪುಣರು ತಮ್ಮ ಕಷ್ಟವನ್ನಷ್ಟೇ ಸೂಕ್ಷ್ಮವಾಗಿ ಅಳೆದುಕೊಂಡರು ಎಂದು ನನಗನ್ನಿಸುತ್ತದೆ.

ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ ನಡೆಯುವವರಿಗಾಗಿಯೇ ಟಿ1ರಿಂದ ಟಿ6ರವರೆಗೆ ಆರು ದರ್ಜೆ ಮಾಡಿದ್ದು 2002ರಲ್ಲಿ. ಅದು ಕೂಡ ಹವೆ ಚೆನ್ನಾಗಿರುವಾಗಿನ ನೆಲವನ್ನು ಹೇಳುತ್ತದೆ. ಹಾದಿ ಎಷ್ಟು ಉದ್ದ ಎಂಬುದನ್ನಲ್ಲ, ನಡೆಯುವವರು ಯಾರು ಎಂಬುದನ್ನಂತೂ ಅಲ್ಲವೇ ಅಲ್ಲ.

ಸೂತ್ರಕ್ಕೆ ನಡೆಯುವವರ ದೇಹವನ್ನು ತಂದವನು ಸ್ಕಾಟ್ಲೆಂಡಿನವನೇ ಆದ ಫಿಲಿಪ್ ಟ್ರ್ಯಾಂಟರ್. ಅರ್ಧ ಮೈಲಿಯಲ್ಲಿ 1,000 ಅಡಿ ಏರಲು ನಿಮಗೆ ಎಷ್ಟು ನಿಮಿಷ ಬೇಕು? ಆ ಉತ್ತರವನ್ನು ಹಿಡಿದು ನೈಸ್ಮಿತ್‌ನ ಗಂಟೆಗಳನ್ನು ತಿದ್ದುವ ಕೋಷ್ಟಕ ಅವನದು. ಅದರ ಪ್ರಕಾರ ಒಂದೇ ಬೆಟ್ಟ ಇಬ್ಬರಿಗೆ ಎರಡು ಬೆಟ್ಟ.

ಆಮೇಲೆ ಓದಿದ್ದು 1971ರ ನವೆಂಬರಿನ ಕಥೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಡಿನ್‌ಬರೊದ ಒಂದು ಶಾಲೆಯ ಹದಿನೈದು-ಹದಿನಾರರ ಮಕ್ಕಳು ಕೇರ್ನ್‌ಗಾರ್ಮ್ ಪ್ರಸ್ಥಭೂಮಿಗೆ ಹೋದರು. ಬೇಸಗೆಯಲ್ಲಿ ಸಾಮಾನ್ಯರೂ ನಡೆದು ಬರುವ ಜಾಗ ಅದು. ಗಟ್ಟಿಗರದೊಂದು, ಅಷ್ಟು ಗಟ್ಟಿಯಲ್ಲದವರದೊಂದು ಎಂದು ಎರಡು ಗುಂಪು ಮಾಡಿದ್ದರು. ಹಿಮಗಾಳಿ ಎದ್ದಿತು. ಮುಂದಿನ ಗುಂಪು ಆಸರೆಯ ಗುಡಿಸಲು ಸೇರಿಕೊಂಡಿತು. ಹಿಂದಿನ ಗುಂಪಿಗೆ ಅದು ಸಿಗಲಿಲ್ಲ, ಹಿಮದ ಬಯಲಲ್ಲೇ ಉಳಿಯಬೇಕಾಯಿತು. ಐವರು ವಿದ್ಯಾರ್ಥಿಗಳು, ಅವರ ಜೊತೆಗಿದ್ದ 18 ವರ್ಷದ ಸಹಾಯಕಿ ಸತ್ತರು. ಆ ಗುಂಪಿನಲ್ಲಿ ಬದುಕುಳಿದವರು ಒಬ್ಬ ಹುಡುಗ ಮತ್ತು ದಾರಿ ತೋರುತ್ತಿದ್ದ ಯುವತಿ. ಬ್ರಿಟನ್ನಿನಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಒಯ್ಯುವವರ ತರಬೇತಿಯ ಮಾತು ಬಿಗಿಯಾದದ್ದು ಇದರ ನಂತರ. ನಾಯಕತ್ವದ ಕೈಪಿಡಿ ಬರೆದ ಎರಿಕ್ ಲ್ಯಾಂಗ್‌ಮುಯಿರ್ ಹಳೆಯ ಸೂತ್ರಕ್ಕೆ ಇಳಿಯುವುದನ್ನೂ ಸೇರಿಸಿದ: ಹದವಾದ ಇಳಿಜಾರಿಗೆ 300 ಮೀಟರಿಗೆ 10 ನಿಮಿಷ ಕಳೆಯಬೇಕು, ಕಡಿದಾದದ್ದಕ್ಕೆ ಅಷ್ಟೇ ಕೂಡಿಸಬೇಕು. ಮಂಡಿ ನೋವಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಮೂರು ತುಂಡುಗಳಲ್ಲಿ ಟಾರ್ಚು, ಗ್ಲೂಕೋಸು, ಹೆಚ್ಚಿನ ನೀರು ಎಲ್ಲವೂ ಮುಂದಿನ ತುಂಡಿನಲ್ಲಿದ್ದವು. ಗಟ್ಟಿಗರೇ ಹೊರಲಿ ಎಂದು ನಾನೇ ಹಂಚಿದ್ದೆ. ನನ್ನ ಬಾಟಲಿಯಲ್ಲಿ ಉಳಿದಿದ್ದ ಎರಡು ಗುಟುಕು ನೀರನ್ನು ಅವಳಿಗೆ ಕೊಟ್ಟು, ಇಬ್ಬರೂ ಅಲ್ಲಿಂದಲೇ ತಿರುಗಿ ಗಿರಿಗದ್ದೆಗೆ ಇಳಿದೆವು. ಏರಿದ್ದಕ್ಕಿಂತ ಇಳಿದದ್ದೇ ನಿಧಾನ. ಉಳಿದವರು ತುದಿ ಮುಟ್ಟಿ ಬಂದಾಗ ಕತ್ತಲಾಗಿತ್ತು.

ಕಳೆದ ಜನವರಿಯಲ್ಲಿ ಅದೇ ಬೆಟ್ಟಕ್ಕೆ ಮತ್ತೆ ಹೋದೆವು. ಈ ಸಲ ಎರಡು ದಿನ ಇಟ್ಟುಕೊಂಡಿದ್ದೆವು. ಹೊರಡುವ ಮೊದಲು ಎಲ್ಲರೂ ಹಾಸ್ಟೆಲಿನ ಹಿಂದಿನ ಗುಡ್ಡ ಹತ್ತಿ ಗಡಿಯಾರ ನೋಡಿಕೊಂಡೆವು. ಎಲ್ಲರಿಗಿಂತ ಹೆಚ್ಚು ನಿಮಿಷ ಹಿಡಿದದ್ದು ಅವಳಿಗೆ. ಆ ನಿಮಿಷಗಳಿಂದಲೇ ಇಡೀ ಗುಂಪಿನ ಲೆಕ್ಕ ಹಾಕಿ, ಸಾಲಿನ ಮುಂದೆ ಅವಳನ್ನೇ ಬಿಟ್ಟೆವು. ಗಿರಿಗದ್ದೆಗೆ ನಾನು ಬರೆದಿಟ್ಟುಕೊಂಡದ್ದಕ್ಕಿಂತ ಇಪ್ಪತ್ತು ನಿಮಿಷ ತಡವಾಗಿ ತಲುಪಿದೆವು, ಒಂಬತ್ತೂ ಮಂದಿ ಒಟ್ಟಿಗೆ.