ಶ್ರೀನಗರಕ್ಕೆ ಬಂದ ಚರ್ಮದ ಚೆಂಡು

ಶಾಲೆಯ ಆಟದ ಬಯಲಿಗೂ ಕ್ರೈಸ್ತ ಶ್ರದ್ಧೆಗೂ ನಂಟು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. 1828ರಿಂದ 1842ರ ಹೊತ್ತಿಗೆ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡರ ಹೆಸರನ್ನು ಇದಕ್ಕೆ ತಳಕು ಹಾಕುವುದು ವಾಡಿಕೆ. ವಾಸ್ತವವಾಗಿ ಅವರಿಗೆ ಆಟಗಳಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಅವರ ನಂಬಿಕೆಯೆಲ್ಲ ಪ್ರಾರ್ಥನಾಮಂದಿರದ ಉಪದೇಶದಲ್ಲಿತ್ತು. ಶಿಷ್ಯ ಥಾಮಸ್ ಹ್ಯೂಸ್ 1857ರಲ್ಲಿ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯೇ ಗುರುವಿಗೆ ಈ ಕೀರ್ತಿಯನ್ನು ತಂದುಕೊಟ್ಟಿತು. (ಶಿಷ್ಯರ ಲೇಖನಿಯಲ್ಲಿ ಗುರುಗಳು ಏನೇನೋ ಆಗಿಬಿಡುತ್ತಾರೆ. ನನ್ನ ವಿದ್ಯಾರ್ಥಿಗಳು ದಯವಿಟ್ಟು ಗಮನಿಸಬೇಕು!) ಅದೇ ವರ್ಷ ‘ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ’ ಎಂಬ ಮಾತೂ ಹುಟ್ಟಿಕೊಂಡಿತು. ದೇಹವು ದೇವರು ಕೊಟ್ಟದ್ದು, ಅದನ್ನು ಬಲಪಡಿಸಿ ದುರ್ಬಲರ ರಕ್ಷಣೆಗೆ ಬಳಸಬೇಕು ಎಂಬುದು ಅದರ ತಿರುಳು.

ಕೇಳಲು ಸೊಗಸಾಗಿದೆ. ಆದರೆ ಪಂದ್ಯವೆಂದ ಮೇಲೆ ಒಬ್ಬನು ಸೋಲಲೇಬೇಕಷ್ಟೆ? ನೆರೆಯವನನ್ನು ತನ್ನಂತೆಯೇ ಕಾಣಬೇಕೆನ್ನುವ ಧರ್ಮ, ಅವನನ್ನು ಸೋಲಿಸಿ ಹಿಗ್ಗುವುದನ್ನು ಹೇಗೆ ಕಲಿಸೀತು? ಈ ತೊಡಕನ್ನು ಗ್ರಂಥಗಳಲ್ಲಿ ಬಿಡಿಸಲು ಹೋಗುವುದಕ್ಕಿಂತ ಒಂದು ಶಾಲೆಯ ಕಥೆಯನ್ನು ನೋಡುವುದು ಮೇಲು ಎಂದು ನನಗೆ ತೋರುತ್ತದೆ. ಆ ಶಾಲೆ ಇರುವುದು ನಮ್ಮ ದೇಶದ ಕಾಶ್ಮೀರದಲ್ಲಿ.

ಸೆಸಿಲ್ ಟಿಂಡೇಲ್-ಬಿಸ್ಕೋ ಎಂಬ ಪಾದ್ರಿ ಶ್ರೀನಗರದ ಮಿಷನ್ ಶಾಲೆಗೆ ಬಂದದ್ದು 1890ರಲ್ಲಿ. ಕುಳ್ಳನೆಯ ಆಳು. 1884ರಲ್ಲಿ ಆಕ್ಸ್‌ಫರ್ಡನ್ನು ಸೋಲಿಸಿದ ಕೇಂಬ್ರಿಜ್ ದೋಣಿಯಲ್ಲಿ ಚುಕ್ಕಾಣಿ ಹಿಡಿದವರು ಇವರೇ. ಶಾಲೆಯ ಹುಡುಗರಲ್ಲಿ ಹೆಚ್ಚಿನವರು ಪಂಡಿತ ಮನೆತನದವರು. ಓದಿನಲ್ಲಿ ಬಲು ಚುರುಕು. ಆದರೆ ಓಡುವುದು, ಈಜುವುದು, ಮೈ ಬಗ್ಗಿಸಿ ದುಡಿಯುವುದು ಅವರ ಪಾಲಿಗೆ ಕೀಳು ಕೆಲಸ.

1891ರಲ್ಲಿ ಬಿಸ್ಕೋ ಒಂದು ಫುಟ್‌ಬಾಲ್ ತಂದರು. ಅದು ಚರ್ಮದ್ದೆಂದು ತಿಳಿದ ಕೂಡಲೇ, ಮುಟ್ಟಿದರೆ ಮೈಲಿಗೆ, ಆಡುವುದಿಲ್ಲ ಎಂದರು ಹುಡುಗರು. ಬಿಸ್ಕೋ ಬಿಡಲಿಲ್ಲ. ಫೆರನ್ ನಿಲುವಂಗಿ ತೊಟ್ಟು, ಕಾಲಿಗೆ ಮರದ ಪಾದುಕೆ ಮೆಟ್ಟಿದ್ದ ಹುಡುಗರನ್ನು ಮೈದಾನಕ್ಕೆ ಹೊರಡಿಸಿದರು. ಸೀಟಿ ಊದಿದರೂ ಯಾರೂ ಕದಲಲಿಲ್ಲ. ಯೋಚಿಸಲು ಕೆಲವು ನಿಮಿಷ ಕೊಟ್ಟರು. ಆಮೇಲೆ ಕೋಲು ಹಿಡಿದು ನಿಂತಿದ್ದ ಉಪಾಧ್ಯಾಯರಿಗೆ ಸನ್ನೆ ಮಾಡಿದರು. ಚೆಂಡು ಹೊರಟಿತು, ಅದರೊಡನೆ ಪಾದುಕೆಗಳೂ ಹಾರಿದವು. ಅಷ್ಟರಲ್ಲಿ ಚೆಂಡು ಒಬ್ಬ ಹುಡುಗನ ಮುಖಕ್ಕೇ ಬಡಿಯಿತು. ಆಟ ನಿಂತಿತು, ಹುಡುಗ ಅಳತೊಡಗಿದ. ಕಾಲುವೆಗೆ ಕರೆದೊಯ್ದು ಮುಖ ತೊಳೆಸಿರಿ ಎಂದರು ಬಿಸ್ಕೋ. ತೊಳೆಸಿಕೊಂಡು ಬಂದರು, ಆಟ ಮುಂದುವರಿಯಿತು.

ಈ ಪ್ರಸಂಗವನ್ನು ನಗುನಗುತ್ತಾ ಹೇಳುವವರೇ ಹೆಚ್ಚು. ನನಗೆ ಪೂರಾ ನಗು ಬರುವುದಿಲ್ಲ. ಆ ಕೋಲಿನಲ್ಲಿ ಕ್ರಿಸ್ತನ ಪ್ರೀತಿಗಿಂತ ಆಳುವವರ ದರ್ಪವೇ ಹೆಚ್ಚಾಗಿತ್ತು. ಇಷ್ಟಾದರೂ ಆ ಹುಡುಗರು ಅಂದು ಒದ್ದದ್ದು ಚೆಂಡನ್ನು ಮಾತ್ರವಲ್ಲ ಎಂಬುದನ್ನೂ ಒಪ್ಪಬೇಕು. ಚರ್ಮವನ್ನು ಮುಟ್ಟಿದವನು ಹೀನನೆಂಬ ಭಾವನೆ ನಮ್ಮ ಊರುಗಳಲ್ಲಿ ಎಷ್ಟು ಜನರ ಬಾಳನ್ನು ಸುಟ್ಟಿದೆ ಎಂಬುದನ್ನು ಬಲ್ಲವರು, ಆ ಮಧ್ಯಾಹ್ನವನ್ನು ಸುಲಭವಾಗಿ ತಳ್ಳಿಹಾಕಲಾರರು.

ಫುಟ್‌ಬಾಲಿನ ನಂತರ ದೋಣಿ. ಹುಟ್ಟು ಹಾಕುವುದು ಹಾಂಜಿಗಳೆಂಬ ಅಂಬಿಗರ ಕೆಲಸ. ಪಂಡಿತರ ಮಗ ಹುಟ್ಟು ಹಿಡಿಯುವುದೇ? ಹಿಡಿದರು. ತಂಡಗಳಾದವು, ಸ್ಪರ್ಧೆಗಳಾದವು. ಸನ್ನೆ ಕೊಟ್ಟೊಡನೆ ಹುಡುಗರು ತಾವೇ ದೋಣಿಯನ್ನು ಮುಳುಗಿಸಿ ಈಜಿ ಬರಬೇಕೆಂಬುದೂ ಒಂದು ಅಭ್ಯಾಸ. ಈಜು ಕಲಿಯದೆ ವಯಸ್ಸು ಮೀರಿದವರ ಶುಲ್ಕವನ್ನು ಏರಿಸುತ್ತಿದ್ದರು! ತಂದೆತಾಯಿಗಳು ತಾವಾಗಿಯೇ ಮಕ್ಕಳನ್ನು ನೀರಿಗಟ್ಟಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ಯಾವ ಉಪಾಧ್ಯಾಯನಾದರೂ ಒಪ್ಪುತ್ತಾನೆ. ಬುದ್ಧಿಗೆ ಮಾತ್ರವಲ್ಲದೆ ದೇಹಕ್ಕೂ ಆತ್ಮಕ್ಕೂ ಅಂಕಗಳಿದ್ದವು. ಆತ್ಮದ ಅಂಕವೆಂದರೆ ಪ್ರಾರ್ಥನೆಯ ಬಾಯಿಪಾಠವಲ್ಲ, ನಡತೆ ಮತ್ತು ಪರೋಪಕಾರ.

ಇಲ್ಲಿಯೇ ಆ ತೊಡಕು ಸ್ವಲ್ಪ ಸಡಿಲವಾದಂತೆ ನನಗೆ ಕಾಣುತ್ತದೆ. ಪಂದ್ಯದಲ್ಲಿ ಗಳಿಸಿದ ತೋಳ್ಬಲ ಪಂದ್ಯದಲ್ಲಿಯೇ ಮುಗಿಯಲಿಲ್ಲ. ಊರಿಗೆ ಬೆಂಕಿ ಬಿದ್ದಾಗ, ಝೇಲಮ್ ಉಕ್ಕಿದಾಗ, ಕಾಲರಾ ಹಬ್ಬಿ ಬೀದಿಗಳನ್ನು ಶುಚಿಗೊಳಿಸಬೇಕಾದಾಗ ಅವೇ ತಂಡಗಳು ಹೊರಟವು. ಶಾಲೆಯ ಲಾಂಛನದಲ್ಲಿರುವುದು ಅಡ್ಡಡ್ಡಲಾಗಿ ಇಟ್ಟ ಎರಡು ಹುಟ್ಟುಗಳು. ಅವುಗಳ ಅಲಗು ಹೃದಯದ ಆಕಾರದ್ದು. ಮತಾಂತರಗೊಂಡವರು ಬೆರಳೆಣಿಕೆಯಷ್ಟೇ. ಆ ಲೆಕ್ಕದಲ್ಲಿ ಬಿಸ್ಕೋ ಸೋತ ಪಾದ್ರಿ. 1947ರವರೆಗೂ ಕಾಶ್ಮೀರದಲ್ಲಿದ್ದು, 1949ರಲ್ಲಿ ಆಫ್ರಿಕದ ರೊಡೇಷಿಯದಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಅರ್ಥರ್ ಮತ್ತು ಅರ್ನೆಸ್ಟ್ ನೀವ್ ಸಹೋದರರು ನಡೆಸುತ್ತಿದ್ದ ಮಿಷನ್ ಆಸ್ಪತ್ರೆಯೂ ಶ್ರೀನಗರದಲ್ಲಿತ್ತು. ಅಲ್ಲಿ ಗುಣಮುಖರಾಗುತ್ತಿದ್ದ ರೋಗಿಗಳನ್ನು ಶಾಲೆಯ ಹುಡುಗರು ಅದೇ ದೋಣಿಗಳಲ್ಲಿ ಕೂರಿಸಿಕೊಂಡು ಸರೋವರದ ಗಾಳಿಗೆ ಕರೆದೊಯ್ಯುತ್ತಿದ್ದರು. ಆಗ ಯಾರನ್ನೂ ಹಿಂದಿಕ್ಕುವ ಅವಸರವಿರಲಿಲ್ಲ. ಹುಟ್ಟುಗಳನ್ನು ನಿಧಾನವಾಗಿಯೇ ಹಾಕುತ್ತಿದ್ದಿರಬೇಕು.