ಮಾರ್ಚ್ ಎಂಡ್‌ಗೆ ಸಿಕ್ಕಿಬಿದ್ದ ಡ್ರ್ಯಾಗನ್

ಇವತ್ತಿನ ಹಿಸ್ಟರಿ ರಾಜರದ್ದಲ್ಲ, ಒಂದು ವಿಡಿಯೊ ಗೇಮ್‌ದು.

2009ರ ನವೆಂಬರ್‌ನಲ್ಲಿ ಕೆನಡಾದ ಬಯೋವೇರ್ 'ಡ್ರ್ಯಾಗನ್ ಏಜ್: ಒರಿಜಿನ್ಸ್' ಬಿಡುಗಡೆ ಮಾಡಿತು. ಮನುಷ್ಯ, ಎಲ್ಫ್, ಡ್ವಾರ್ಫ್, ಯಾರಾಗಿ ಬೇಕಾದರೂ ಆಡಬಹುದಿತ್ತು. ಆಯ್ಕೆಗೆ ತಕ್ಕಂತೆ ಕಥೆಯ ಆರಂಭವೇ ಬೇರೆ. ಜನ ಮರುಳಾದರು.

ಹದಿನಾರೇ ತಿಂಗಳಿಗೆ, 2011ರ ಮಾರ್ಚ್ 8ಕ್ಕೆ, ಎರಡನೇ ಭಾಗ ಬಂತು. ಈ ಸಲ ಹಾಕ್ ಅನ್ನೋ ಮನುಷ್ಯ ಪಾತ್ರ ಮಾತ್ರ; ಕಥೆ ಬಹುಪಾಲು ಕರ್ಕ್‌ವಾಲ್ ಅನ್ನೋ ಒಂದೇ ಊರಲ್ಲಿ. ಅದನ್ನಾದ್ರೂ ಒಪ್ಪಬಹುದಿತ್ತು. ಆದ್ರೆ ಆ ಗುಹೆಗಳು! ಹೊಸ ಕ್ವೆಸ್ಟ್ ಅಂತ ಒಳಗೆ ಹೋದ್ರೆ ಹಿಂದೆ ನೋಡಿದ್ದ ಅದೇ ಗುಹೆ, ಎಲ್ಲೋ ಒಂದು ದಾರಿ ಮಾತ್ರ ಬಂದ್. ನಮ್ಮ ದೊಡ್ಡಬಳ್ಳಾಪುರದಲ್ಲಿ ಅದೇ ಸೀರೆಯ ಮಡಿಕೆ ಬದಲಿಸಿ ಹೊಸ ಡಿಸೈನ್ ಅಂದ್ರೆ ಯಾರು ಸುಮ್ಮನಿರ್ತಾರೆ? ಪೂರ್ತಿ ದುಡ್ಡು ಕೊಟ್ಟ ಆಟಗಾರರೂ ಸುಮ್ಮನಿರಲಿಲ್ಲ.

ತಂಡಕ್ಕೆ ಕೆಲಸ ಗೊತ್ತಿರಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಬಿಕಾಂ ಓದಿದವರು ಬಿಡುಗಡೆಯ ದಿನಾಂಕವನ್ನ ಇನ್ನೊಮ್ಮೆ ನೋಡಿ. ಮಾಲೀಕ ಕಂಪನಿ ಇಎಯ ಲೆಕ್ಕದ ವರ್ಷವೂ ನಮ್ಮ ಹಾಗೇ ಮಾರ್ಚ್ ಕೊನೆಗೆ ಮುಗಿಯುತ್ತೆ. ಬಯೋವೇರ್‌ನ ಇನ್ನೊಂದು ದೊಡ್ಡ ಗೇಮ್, 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್', ತಡವಾಗ್ತಾ ಹೋಯ್ತು. ಅದರಿಂದ ಬರಬೇಕಿದ್ದ ಆದಾಯದ ಜಾಗ ತುಂಬೋ ಹೊಣೆ ಡ್ರ್ಯಾಗನ್ ಏಜ್ ತಂಡದ ಮೇಲೆ ಬಿತ್ತು. ಹೊಸ ಗುಹೆಗಳನ್ನ ಕಟ್ಟೋಕೆ ಟೈಮೇ ಇರಲಿಲ್ಲ.

ಮೂರನೇ ಭಾಗ 'ಇನ್‌ಕ್ವಿಸಿಷನ್'ಗೆ ಮೂರೂವರೆ ವರ್ಷ ಸಿಕ್ತು. 2014ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ವರ್ಷದ ಗೇಮ್ ಅದೇ ಆಯ್ತು.

ಮುಂದಿನ ಸಲ ಸೀಕ್ವೆಲ್ ಕೈಕೊಟ್ಟರೆ, ಡೆವಲಪರ್‌ಗಳನ್ನ ಬೈಯೋ ಮೊದಲು ಅದು ಯಾವ ತಿಂಗಳು ಬಂತು ಅಂತ ನೋಡಿ. ಮತ್ತೆ ಸಿಗೋಣ.